ಮೌನ ಮುಗಿಸುವವನು

ಈ ಸಲದ ಸಂತಾಪದ ಪಟ್ಟಿ ನನ್ನ ಪಾಲಿಗೆ ಬಂತು.
'ನಿಮ್ಮ ಕೈ ಇನ್ನೂ ನಡುಗೋದಿಲ್ವಲ್ಲ ಮೇಡಂ' ಎಂದು
ಕಾರ್ಯದರ್ಶಿ ರಿಜಿಸ್ಟರು ನನ್ನ ಕಡೆ ತಳ್ಳಿ
ಕಾಫಿ ಎಲ್ಲಿ ಅಂತ ನೋಡಲು ಹೋದರು.

ಪರೀಕ್ಷಾ ವಿಭಾಗದಲ್ಲಿ ನನ್ನದು ಕೆಂಪು ಶಾಯಿಯ ಕೆಲಸ.
ಬಾರದವರ ನೋಂದಣಿ ಸಂಖ್ಯೆಗೆ ಸುತ್ತು ಹಾಕಿ
ಪಕ್ಕದಲ್ಲಿ 'ಗೈರು' ಎಂದು ಬರೆಯಬೇಕು.
ಎಷ್ಟು ಸಾವಿರ ಬರೆದೆನೋ. ಒಬ್ಬರ ಬಗ್ಗೆಯೂ
ಯಾಕೆ ಬರಲಿಲ್ಲ ಎಂದು ಕೇಳಿದವಳಲ್ಲ.
ಮುಂದಿನ ಸೆಮಿಸ್ಟರಿಗೆ ಬರುತ್ತಾರೆ ಬಿಡು, ಎಂಬ ಧೈರ್ಯ.

ಈಗ ನಾಲ್ಕು ಹೆಸರು. ನೀಲಿಯಲ್ಲೇ ಬರೆದೆ.

ಸೈಯದ್ ಮುಕ್ತಿಯಾರ್, ಗ್ರಂಥಾಲಯದ ಬೈಂಡರ್.
ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸಿ
ಹುಳ ಮುಟ್ಟದ ಹಾಗೆ ಪುಸ್ತಕ ಕಟ್ಟುತ್ತಿದ್ದರು.
ಉಗುರಿನ ಸಂದಿಯಲ್ಲಿ ಯಾವಾಗಲೂ ನೀಲಿ.
ಓದಲು ಬರುತ್ತಿದ್ದುದು ಉರ್ದು ಮಾತ್ರ; ಆದರೂ
ಒಂದೇ ಒಂದು ಕನ್ನಡ ಪುಟ ತಲೆಕೆಳಗಾಗಿ ಹೊಲಿದವರಲ್ಲ.
ಹೇಗೆ ಗೊತ್ತಾಗುತ್ತೆ ಸಾಹೇಬರೇ, ಎಂದರೆ
'ಅಕ್ಷರಕ್ಕೆ ತಲೆಕಟ್ಟು ಇದೆಯಲ್ಲಮ್ಮಾ,
ಪೇಟ ಇರೋದು ಮೇಲ್ಗಡೆ ತಾನೆ?'

ಸಸ್ಯಶಾಸ್ತ್ರದ ವಸುಪಾಲಯ್ಯನವರು ದೇವರಾಯನದುರ್ಗ ಇಳಿದು ಬಂದರೆ
ಪ್ಯಾಂಟಿಗಂಟಿದ ಬೀಜಗಳನ್ನು ಒಂದೊಂದೇ ಬಿಡಿಸಿ ಲಕೋಟೆಗೆ ಹಾಕುವರು.
ಉತ್ತರಪತ್ರಿಕೆಯ ಕಟ್ಟಿನೊಳಗೆ ಒಮ್ಮೆ ಒಂದು ಉತ್ತರಾಣಿ ಕಡ್ಡಿ.
ಫೋನು ಮಾಡಿದೆ. 'ಎಸೀಬೇಡಿ, ಬಂದೆ.'
ಅಂಕ ತಪ್ಪಾಗಿ ಕೂಡಿದ್ದನ್ನು ತಿದ್ದಲು ಮಾತ್ರ
ಮೂರು ದಿನ ಕಾಯಿಸಿದರು.

ಆಮೇಲಿನ ಹೆಸರಿಗೆ ತಕರಾರು ಬಂತು.
ಸಿದ್ದಗಂಗಮ್ಮ ಕಡೆಯ ತನಕ ದಿನಗೂಲಿ,
'ನಿವೃತ್ತ' ಎಂಬ ಮಾತು ಅವಳಿಗೆ ಅನ್ವಯಿಸುತ್ತದೆಯೇ?
ಬರೆದಾಗಿತ್ತು. ಅಳಿಸಲಿಲ್ಲ.
ಬೆಂಚಿನಡಿ ಬಿದ್ದ ಪೆನ್ನುಗಳನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಕೂಡಿಹಾಕಿ
ಪರೀಕ್ಷೆಯ ಬೆಳಿಗ್ಗೆ ಬಾಗಿಲಲ್ಲಿ ನಿಲ್ಲುವಳು,
ಪಾವಗಡದ ಬಸ್ಸಿಳಿದು ಬೆವರುತ್ತ ಓಡಿಬಂದ ಹುಡುಗ
ಜೇಬು ತಡಕುವುದನ್ನೇ ಕಾಯುತ್ತ.
'ಬರೀತದೆ ಕಣಪ್ಪಾ, ಗೀಚಿ ನೋಡಿದೀನಿ.'
ಅಂಗೈ ತುಂಬ ಅವಳಿಗೆ ಬಣ್ಣಬಣ್ಣದ ಗೀಚು;
ಸಂಬಳದ ಪುಸ್ತಕದಲ್ಲಿ ಹೆಬ್ಬೆಟ್ಟು.

ಮೂಡ್ಲಗಿರಿಯಪ್ಪ. ಅಟೆಂಡರ್. ಗಂಟೆ.
ಇದಕ್ಕಿಂತ ಹೆಚ್ಚು ಸೇರಿಸಲು ಆಗಲಿಲ್ಲ.

ಬದುಕಿದ್ದೇವೆಂದು ಬ್ಯಾಂಕಿನಲ್ಲಿ ಬೆರಳೊತ್ತಿ ಬಂದ ಮಾರನೆಯ ದಿನ
ನಮ್ಮ ವಾರ್ಷಿಕ ಸಭೆ, ಪ್ರತಿ ನವೆಂಬರು.
(ನನ್ನ ಬೆರಳನ್ನು ಯಂತ್ರ ನಾಲ್ಕು ಸಲ ಒಪ್ಪಲಿಲ್ಲ.
ಕಾಗದ ತಿರುವಿ ತಿರುವಿ ಗೆರೆ ಸವೆದಿದೆಯಂತೆ.)
ಮೌನಾಚರಣೆಗೆ ಕಾಲ ಹಿಡಿಯುತ್ತಿದ್ದವನು ಅವನೇ.
ವಾಚು ನೋಡುತ್ತಿರಲಿಲ್ಲ. ಎರಡು ನಿಮಿಷಕ್ಕೆ ಸರಿಯಾಗಿ
ಸ್ಟೀಲ್ ಲೋಟಕ್ಕೆ ಚಮಚದಿಂದ ಒಂದೇ ಏಟು.
ನಾವು ಕೂರುತ್ತಿದ್ದೆವು. ಬೋಂಡ ಬರುತ್ತಿತ್ತು.

ಈ ಸಲವೂ ಎದ್ದೆವು, ಇಪ್ಪತ್ತಾರು ಮಂದಿ.
ನಿಂತೆವು.
ನಿಂತೇ ಇದ್ದೆವು.
ಯಾರದೋ ಮಂಡಿ ಲಟಕ್ಕೆಂದಿತು.
ಅಧ್ಯಕ್ಷರು ಕಾರ್ಯದರ್ಶಿಯನ್ನು, ಕಾರ್ಯದರ್ಶಿ ನನ್ನನ್ನು
ಕದ್ದು ನೋಡಿದರು. ನಾನು ರಿಜಿಸ್ಟರು ನೋಡಿದೆ.
ಮೌನ ಮುಗಿಸುವ ಕೆಲಸವನ್ನು
ಯಾರಿಗೂ ವಹಿಸಿರಲಿಲ್ಲ.
ಮೂರು ನಿಮಿಷವಾಯಿತೋ, ಐದೋ.

ಕೊನೆಗೆ ಬಿ.ಎಚ್. ರಸ್ತೆಯಲ್ಲಿ ಒಂದು ಬಸ್ಸು ನಿಂತು
'ಸಿರಾ ಸಿರಾ ಸಿರಾ ಹಿರಿಯೂರ್,'
ಆಮೇಲೆ ತಗಡಿಗೆ ಎರಡು ಬಡಿತ,
ರೈಟ್.

ಕುರ್ಚಿಗಳು ಗೊರಗೊರ ಸರಿದವು.
ಯಾರೂ ನಗಲಿಲ್ಲ ಅಂದರೆ ಸುಳ್ಳಾಗುತ್ತದೆ.

ನಾನು ಕೂತದ್ದು ಒಂದರೆಗಳಿಗೆ ತಡವಾಗಿ.
ಕಡೆಯ ಗಂಟೆ ಹೊಡೆದ ಮೇಲೂ
ಇನ್ನೊಂದು ಸಾಲು, ಇನ್ನೊಂದೇ ಸಾಲು ಎಂದು
ತಲೆ ಎತ್ತದೆ ಬರೆಯುವ ಮಕ್ಕಳಿರುತ್ತಿದ್ದರು.
ಮೂಡ್ಲಗಿರಿಯಪ್ಪ ಆಗ
ಅವರ ಕಡೆ ತಿರುಗದೆ
ಕಿಟಕಿಯಾಚೆ ಏನೋ ಇದೆಯೆಂಬಂತೆ
ನೋಡುತ್ತ ನಿಲ್ಲುತ್ತಿದ್ದ.