ಒಂದು ಮಗ್ಗುಲಿಗೆ ಒಂದೇ ಎಳೆತ

ಹತ್ತಿ ಬೇಡ, ಅಂದಳು ಐರ್ಲಿಸ್, ಮೊದಲ ದಿನವೇ.
ಹತ್ತಿ ನಾರು ಬಿಡುತ್ತದೆ.
ಗಜೇಂದ್ರಗಡದ ಎರೆಹೊಲಗಳಲ್ಲಿ
ಮಂದಿಯ ಹತ್ತಿ ಬಿಡಿಸಿ ಬದುಕಿದವರ ಮಗಳು ನಾನು.
ಸುಮ್ಮನೆ ತಲೆಯಾಡಿಸಿದೆ.

ಸೇಂಟ್ ಆಸಫ್. ವೇಲ್ಸಿನ ಬಡಗಣ ಅಂಚು.
ಹೆಸರಿಗೆ ಶಹರ, ನಡೆದರೆ ಹದಿನೈದು ನಿಮಿಷ.
ಹೊರಗೆ ಎಲ್ವಿ ನದಿ, ಕುರಿ, ಒದ್ದೆ ಉಣ್ಣೆಯ ವಾಸನೆ.
ಒಳಗೆ ಗಾಳಿಯನ್ನೂ ಸೋಸಿ ಬಿಡುವ ಕೋಣೆ.
ನಡುವೆ ಮೂರು ಬಾಗಿಲು, ಒಂದು ಅಂಟಿನ ಚಾಪೆ,
ಬೂಟಿನ ಮೇಲೊಂದು ಚೀಲ, ಟೋಪಿಯ ಮೇಲೊಂದು ಮುಸುಕು.
ಕಾಡಿಗೆ ಇಲ್ಲ, ಕುಂಕುಮ ಇಲ್ಲ,
ಬೆಳಗಿನ ಪೌಡರೂ ಇಲ್ಲ.

ಡ್ರಾಯರಿನಲ್ಲಿ ಕಡ್ಡಿಗಳು,
ಜಾತಿ ಜಾತಿ ಬೇರೆ ಮಾಡಿಟ್ಟದ್ದು.
ಸ್ಪಂಜಿನ ತಲೆಯದು ತೇವ ಹೆಚ್ಚು ಹಿಡಿಯುತ್ತದೆ,
ಕುಳಿಯೊಳಗೆ ಉಬ್ಬಿ ಮೂಲೆ ಮುಟ್ಟುತ್ತದೆ.
ಪಾಲಿಯೆಸ್ಟರ್ ಹೆಣಿಗೆಯದು ಗಟ್ಟಿಗ,
ಕಾಸಿ ಕೂಡಿಸಿದ ಅಂಚು, ಅಂಟು ಹಾಕಿದ್ದಲ್ಲ.
ಅಂಟಾದರೆ ಕರಗಿ ಗಾಜಿಗೇ ಬಳಿದುಕೊಳ್ಳುತ್ತದಂತೆ.
ಜೋಳದ ಕಾಳಿನಷ್ಟು ತಲೆ, ಸಜ್ಜೆಯಷ್ಟು ತಲೆ,
ನವಣೆಯಷ್ಟರದು ಕೊನೆಯ ಖಾನೆಯಲ್ಲಿ
(ಕಾಳಿನ ಲೆಕ್ಕ ನನ್ನದು. ಅವಳದು ಮಿಲಿಮೀಟರು).

ಸಂದಿನ ಅಗಲ ನೋಡು, ಅಂದಳು.
ಬಿಗಿಯಾದರೆ ಕೊಳೆಯನ್ನು ಇನ್ನೂ ಒಳಗೆ ತಳ್ಳುತ್ತೀಯ,
ಸಡಿಲಾದರೆ ನಡುವನ್ನಷ್ಟೇ ಸವರಿ ಬರುತ್ತೀಯ,
ಬೇಡದ ನೆಂಟರ ಮನೆಗೆ ಹೋಗಿ ಬಂದ ಹಾಗೆ.

ಮೂರನೇ ವಾರ ನಾನು ಕೆಡಿಸಿದೆ.
ಮಸೂರ ಕೂರುವ ಕೊಳವೆ, ಯಾವುದೋ ಉಪಗ್ರಹದ್ದು,
ಒಳಗೆ ಕೂದಲೆಳೆಯಂಥ ತಿರುಪಿನ ಸುತ್ತು.
ಆಲ್ಕೋಹಾಲು ಅಂದುಕೊಂಡು
ಸ್ಪಂಜಿಗೆ ಅಸಿಟೋನು ಕುಡಿಸಿದೆ.
ಎರಡೂ ನೀರಿನ ಬಣ್ಣ. ಎರಡೂ ಬೆರಳಿಗೆ ತಣ್ಣಗೆ.
ತಲೆ ಬಾತಿತು, ಮೆತ್ತಗಾಯಿತು,
ಎರಡನೇ ಎಳೆತಕ್ಕೆ ಚೂರುಚೂರು.
ನೇರಳೆ ದೀಪದಡಿ ಸುತ್ತು ಸುತ್ತಿನಲ್ಲೂ
ಹಾಲಿನ ಕೆನೆಯಂತೆ ಕೂತಿತ್ತು ನನ್ನ ತಪ್ಪು.

ಐರ್ಲಿಸ್ ಬೈಯಲಿಲ್ಲ. ಕುರ್ಚಿ ಎಳೆದುಕೊಂಡಳು.
ಹೊಸ ಕಡ್ಡಿ ತೆಗಿ, ಹೆಣಿಗೆಯದು.
ಸೀಸೆಗೆ ಅದ್ದಬೇಡ, ಮೇಲಿನಿಂದ ಹನಿಸು,
ಸೀಸೆಯ ಬಾಯಿಗೆ ಕಡ್ಡಿ ತಾಗಬಾರದು.
ತಾಗಿದರೆ ಇಡೀ ಸೀಸೆಯೇ—
ಅವಳು ಬಳಸಿದ್ದು ಬೇರೆ ಪದ.
ನನ್ನ ಕಿವಿಗೆ ಬಿದ್ದದ್ದು: ಮೈಲಿಗೆ.

ಗೌಡರ ಅಂಗಳ. ಹತ್ತಿಕಾಯಿ ಗೀರಿದ ಬೆರಳು ಜೋಡಿಸಿ
ಬಗ್ಗಿ ನಿಂತ ಅವ್ವನ ಬೊಗಸೆ.
ಮೇಲಿನಿಂದ ನೀರು,
ತಂಬಿಗೆಯ ಬಾಯಿ ಕೈಗೆ ತಾಗದ ಹಾಗೆ.
ಮೊಣಕೈಯಿಂದ ಸೋರಿ ಹೋದದ್ದೇ ಹೆಚ್ಚು.

ಏನಾಯಿತು, ಅಂದಳು.
ಏನಿಲ್ಲ, ಅಂದೆ.
ಸೀಸೆ ನನ್ನ ಕೈಯಲ್ಲೇ ಇತ್ತು.

ಹೋಗಲಿ ಬಿಡು, ಅವಳು ಬೇರೆ ಏನನ್ನೋ ತಿಳಿದಳು,
ಗೋಡೆಯ ಮೇಲೆ ಧೂಳೆಣಿಸುವ ಯಂತ್ರ ತೋರಿಸಿದಳು.
ಚರ್ಮ ಎಲ್ಲರದೂ ಉದುರುತ್ತದೆ,
ನನ್ನದು, ನಿನ್ನದು, ನಮ್ಮ ಬಿಷಪ್ಪನದೂ.
ಅದು ಎಣಿಸುತ್ತದೆ ಅಷ್ಟೇ.

ಒಳಗಿನಿಂದ ಹೊರಕ್ಕೆ.
ಒಂದು ಮಗ್ಗುಲಿಗೆ ಒಂದೇ ಎಳೆತ.
ತಿರುಗಿಸು. ಇನ್ನೊಂದು ಮಗ್ಗುಲು. ಬಿಸಾಕು.
ಹೋದ ದಾರಿಯಲ್ಲೇ ಮರಳಿ ಉಜ್ಜಿದರೆ
ತೆಗೆದದ್ದನ್ನೇ ಮತ್ತೆ ಬಿತ್ತಿದಂತೆ.
ಹದಿನೇಳು ಕಡ್ಡಿ ಹಿಡಿಯಿತು.
ದೀಪ ಹಚ್ಚಿದರೆ ಬರೀ ಕತ್ತಲು.
ಮತ್ತೆ ಹಚ್ಚು, ಅಂದೆ ನಾನು. ನಂಬಿಕೆ ಬರಲಿಲ್ಲ.

ಬಸ್ ಸ್ಟಾಪಿನಲ್ಲಿ ಸಣ್ಣ ಮಳೆ.
ಫ್ಲಾಸ್ಕಿಗೆ ಇದ್ದದ್ದು ಒಂದೇ ಮುಚ್ಚಳ.
ಅವಳು ಅರ್ಧ ಕುಡಿದು ಚಾಚಿದಳು,
ಅಂಚಿನಲ್ಲಿ ಅವಳ ಕೈಗವಸಿನ ಕೆಂಪು ಎಳೆಯೊಂದು.
ಅವಳೂ ಒರೆಸಲಿಲ್ಲ,
ನಾನೂ.
ಚಹಾಕ್ಕೆ ಸಕ್ಕರೆ ಕಡಿಮೆಯಿತ್ತು.