ಹನ್ನೆರಡೂವರೆಯಿಂದ ಮೂರು

ಈ ಸಲ ಟಿಕೆಟ್ ದರ ನೋಡಿ ಇವರು
ಮೊಬೈಲನ್ನು ಕವುಚಿ ಮೇಜಿನ ಮೇಲಿಟ್ಟರು.
ನಾಲ್ಕು ಜನ ಹೋಗಿ ಬರಲು ಮೂರು ತಿಂಗಳ ಬಾಡಿಗೆ.
ಮಕ್ಕಳು ಕೇಳಲಿಲ್ಲ, ನಾನೂ ಹೇಳಲಿಲ್ಲ.
ಸೂಟ್‌ಕೇಸು ಮಂಚದಡಿಯೇ ಉಳಿಯಿತು,
ಅದರಲ್ಲಿ ಈರುಳ್ಳಿ ತುಂಬಿಸಿಟ್ಟೆ.

ಅಜ್ಮಾನಿನ ಜೂನ್ ಎಂದರೆ
ತಣ್ಣೀರಿನ ನಲ್ಲಿಯಲ್ಲಿ ಚಹಾಕ್ಕಾಗುವ ನೀರು.
ಗೀಸರ್ ಆರಿಸಿ, ಅದರೊಳಗೆ ತಂಗಿ ಆರಿದ್ದನ್ನೇ
ತಣ್ಣೀರೆಂದು ಮೀಯುತ್ತೇವೆ.
ಬಿಸಿಯದು ತಣ್ಣಗೆ, ತಣ್ಣನೆಯದು ಬಿಸಿ.
ಇದನ್ನು ಅತ್ತೆಗೆ ಫೋನಿನಲ್ಲಿ ತಿಳಿಹೇಳುವಷ್ಟರಲ್ಲಿ
ಕಾರ್ಡಿನ ದುಡ್ಡು ಮುಗಿಯಿತು.

ಹದಿನೈದನೇ ತಾರೀಕಿನಿಂದ ಸರಕಾರದ ಕಟ್ಟಪ್ಪಣೆ:
ಹನ್ನೆರಡೂವರೆಯಿಂದ ಮೂರರ ತನಕ
ಯಾರೂ ಬಿಸಿಲಿನಲ್ಲಿ ದುಡಿಯಕೂಡದು.
ಈ ವರ್ಷ ಇವರ ಸೈಟು ಎರಡೇ ಸಿಗ್ನಲ್ ಆಚೆ.
ಬೆಳಗಿನ ಐದಕ್ಕೆ ಹೋದವರು
ಮಧ್ಯಾಹ್ನ ಒಂದಕ್ಕೆ ಮುಂಚೆ ಬಾಗಿಲಲ್ಲಿ,
ಹಣೆಗೆ ಹೆಲ್ಮೆಟ್ಟಿನ ಗೆರೆ,
ಅಂಗಿಯ ಬೆನ್ನಿಗೆ ಉಪ್ಪಿನ ನಕಾಶೆ.
ಹಗಲಿನಲ್ಲಿ ಅಪ್ಪನನ್ನು ಕಂಡು
ಲಿಖಿತ್ ಮೊದಲ ದಿನ ಕೇಳಿದ:
‘ಜ್ವರವಾ?’

ಅವನಿಗೆ ಪತ್ರೊಡೆಯ ಆಸೆ.
ಕೆಸುವಿನೆಲೆಯ ಕಟ್ಟಿಗೆ ಒಂಬತ್ತು ದಿರ್ಹಮ್.
ಎದುರು ಮನೆಯ ಉಮ್ ಸಾಮರ್
ಭರಣಿಯಿಂದ ತೆಗೆದುಕೊಟ್ಟಳು ದ್ರಾಕ್ಷಿಯ ಎಲೆ,
ಉಪ್ಪುನೀರಿನಲ್ಲಿ ನೆನೆದು ಮೆತ್ತಗಾದದ್ದು.
ಹಿಟ್ಟು ಹಚ್ಚಿ, ಸುರುಳಿ ಸುತ್ತಿ, ಹಬೆಯಲ್ಲಿಟ್ಟೆ.
ಹುಣಸೆ ಬೇಕೇ ಆಗಲಿಲ್ಲ, ಹುಳಿ ಎಲೆಯಲ್ಲೇ ಇತ್ತು.
ಒಂದು ತಟ್ಟೆ ಅವಳಿಗೆ. ತಿಂದು, ಕೆಮ್ಮಿ,
ಕಣ್ಣೊರೆಸಿಕೊಂಡು ಅರಬಿಯಲ್ಲಿ ಏನೋ ಅಂದಳು.
ಹೊಗಳಿದಳೋ ಬೈದಳೋ,
ತಟ್ಟೆ ಮಾತ್ರ ಖರ್ಜೂರ ಹೊತ್ತು ಹಿಂದೆ ಬಂತು.

ಇನ್ನೊಂದು ಡಬ್ಬಿ ಸೈಟಿಗೆ.
ಅಲ್ಲಿ ಇಪ್ಪತ್ತೆರಡು ಜನ
ರಟ್ಟು ಹಾಸಿ ಮಲಗುತ್ತಾರಂತೆ ಈ ಹೊತ್ತಿನಲ್ಲಿ,
ಅವರ ಮನೆಗಳು ಎರಡು ಸಿಗ್ನಲ್ ಆಚೆ ಇಲ್ಲ.

ಮೊಟ್ಟೆಯ ಟ್ರೇ ಕತ್ತರಿಸಿ ಅಂಟಿಸಿ
ಏಳೇಳು ಗುಳಿಯ ಎರಡು ಸಾಲು: ನಮ್ಮ ಚೆನ್ನೆಮಣೆ.
ಐವತ್ತಾರು ಬೀಜ ಬೇಕು. ಎರಡು ಕಡಿಮೆ ಬಿದ್ದಾಗ
ಹಿತಾಕ್ಷಿ, ಬೇರೆ ದಾರಿಯೇ ಇಲ್ಲದವಳಂತೆ,
ಕೊನೆಯ ಎರಡು ಖರ್ಜೂರ ತಿಂದಳು.
ಊರಿನವರು ಆಟಿಯ ಮಳೆಗೆ ಹೆದರಿ ಆಡುವ ಆಟ,
ನಾವು ಬಿಸಿಲಿಗೆ ಹೆದರಿ ಆಡಿದೆವು.
ಸಂಡಿಗೆ ಇಟ್ಟದ್ದು ಕೆಳಗೆ, ಕಾರಿನ ಬಾನೆಟ್ಟಿನ ಮೇಲೆ.
ಅರ್ಧ ಗಂಟೆಗೆ ಗರಿಗರಿ.
ಕಾರು ನಮ್ಮದಲ್ಲ.

ಓದಲಿಕ್ಕೆ ಮನೆಯಲ್ಲಿ ಕನ್ನಡದ ಪುಸ್ತಕ ಒಂದೂ ಇರಲಿಲ್ಲ.
ಇದ್ದದ್ದು, ಹಲಸಿನ ಹಪ್ಪಳಕ್ಕೆ ಸುತ್ತಿ ಬಂದ ಪೇಪರು.
ಇಸ್ತ್ರಿ ಹಾಕಿ ಸುಕ್ಕು ಬಿಡಿಸಿದೆ.
ಇವರು ಚಾಪೆಯಲ್ಲಿ, ಮಕ್ಕಳು ಎರಡೂ ಬದಿಗೆ,
ಬೆರಳಿನಡಿಯಲ್ಲಿ ಸಾಲು ಹೊರಡುವುದು,
ಒತ್ತಕ್ಷರ ಬಂದಲ್ಲಿ
ಹಂಪಿಗೆ ಬಂದ ಬಸ್ಸಿನ ಹಾಗೆ ನಿಧಾನ.

ಭಾನುವಾರದ ಒಂದು ಕತೆ:
ಒಬ್ಬಾಕೆ ಕೊಡೆ ಮರೆತು ಬಸ್ಸಿಳಿಯುತ್ತಾಳೆ.
ಕಂಡಕ್ಟರ್ ಕೂಗುತ್ತಾನೆ. ಅವಳು ತಿರುಗಿ
ಅಲ್ಲಿಗೆ ಎಣ್ಣೆಯ ಕಲೆ. ಕೆಳಗೆ ಹರಿದಿದೆ.
ತಿರುಗಿ, ಏನು?
ಅವಳು ಕಳ್ಳಿ, ಕೊಡೆಯೊಳಗೆ ಚಿನ್ನ, ಎಂದ ಲಿಖಿತ್.
ಅವಳಿಗೆ ಕಿವಿ ಕೇಳಿಸುವುದಿಲ್ಲ,
ತಿರುಗಿದ್ದು ಸುಮ್ಮನೆ, ಎಂದಳು ಹಿತಾಕ್ಷಿ.
ಇವರ ಉತ್ತರ ಬರಲಿಲ್ಲ.
ಬಾಯಿ ತೆರೆದು ನಿದ್ದೆ. ಎದೆಯ ಮೇಲೆ ಪೇಪರು
ಏರಿತು, ಇಳಿಯಿತು.
ನನ್ನ ಕತೆ ನಾನು ಹೇಳಲಿಲ್ಲ,
ಅದು ದಿನಕ್ಕೊಂದಾಗುತ್ತಿತ್ತು.

ಎರಡೂವರೆಗೆ ಅಲಾರಂ.
ಬೂಟಿನ ಲೇಸು ಕಟ್ಟುವಾಗ ಯಾರೂ ಮಾತಾಡುವುದಿಲ್ಲ.

ಸೆಪ್ಟೆಂಬರಿನಲ್ಲಿ ರೇಡಿಯೊದವಳು
ನಕ್ಕು ಹೇಳಿದಳು, ಇನ್ನು ಸೆಕೆ ಇಳಿಯುತ್ತದೆಯಂತೆ.
‘ಇನ್ನೊಂದು ತಿಂಗಳು ಸುಡಲಿ ದೇವರೇ’ ಎಂದಳು ಮಗಳು.
ಬಾಯಿ ಮುಚ್ಚಿದೆ ಅವಳದ್ದು.
ಆ ಬೆನ್ನಿನ ಉಪ್ಪು ಒಗೆಯುವವಳು ನಾನು.
ಕೈ ತೆಗೆಯಲು ಮಾತ್ರ
ಯಾಕೋ ಸ್ವಲ್ಪ ತಡವಾಯಿತು.

ಕೊಡೆಯವಳು ಫ್ರಿಜ್ಜಿನ ಬಾಗಿಲಲ್ಲಿದ್ದಾಳೆ,
ಆಯಸ್ಕಾಂತದ ಕೆಳಗೆ,
ಇನ್ನೂ ತಿರುಗುತ್ತ.