ಅಳತಿ ಪುಸ್ತಕ

ಉದ್ದ: ನೂರಾ ಹನ್ನೆರಡು ಮೀಟರ್.
ಅಗಲ: ಮೂರು, ಈ ತುದಿಯಿಂದ ಆ ತುದಿತನಕ.
ದಪ್ಪ: ಐದು ಸೆಂಟಿಮೀಟರ್, ರೋಲರ್ ಹಾಯ್ದ ಮ್ಯಾಲ.
ನೀಲಗಾರ ಗಲ್ಲಿ ಬಗ್ಗೆ ಈ ಕೈ ಬರದದ್ದು ಇದು ಆರನೇ ಸಲ.

ಟೇಪಿನ ಆ ತುದಿ ಹಿಡದವ ದಸ್ತಯ್ಯ,
ಈ ತುದಿ ನಾನು. ನಡುವ ಬಿಸಲು.
ಕಲಬುರಗಿಯ ಮೇ ತಿಂಗಳದಾಗ ಡಾಂಬರು
ಆರಬೇಕೋ ಬ್ಯಾಡೋ ಅಂತ ಸಂಜೀತನಕ ವಿಚಾರ ಮಾಡ್ತದ,
ಹೋಗೋರ ಬರೋರ ಚಪ್ಪಲಿ ಹಿಡಕೊಂಡು ಕೇಳ್ತದ.

ತಪ್ಪು ಡಾಂಬರದಲ್ಲ. ಗುತ್ತೇದಾರಂದೂ ಪೂರಾ ಅಲ್ಲ.
ಕೆಳಗ ಎರಿ ಅದ.
ಮಳಿಗಾಲಕ್ಕ ಉಬ್ಬತದ, ಬ್ಯಾಸಗಿಗೆ ಬಿರೀತದ.
ತೊಗರಿ ಬೆಳಿಲಿಕ್ಕ ಹುಟ್ಟಿದ ಮಣ್ಣು,
ಆಟೋ ಹೊರು ಅಂದ್ರ ಒಲ್ಲೆ ಅಂತದ,
ರಾತ್ರಿ ಯಾರಿಗೂ ಹೇಳದ ಮಗ್ಗಲ ಬದಲಸ್ತದ.
ಮುಂಜಾನೆದ್ದು ನಾವು ಅದಕ್ಕ ತಗ್ಗು ಅಂತೀವಿ.

ಶಕೀಲಾಬಿ ಮನಿಗೆ ಮೊದಲು ಮೂರು ಪಾವಟಗಿ ಇದ್ವು.
ನಾ ನೌಕರಿಗೆ ಸೇರಿದ ವರ್ಷ
ಖಡಿ ಹಾಕಿ ಒಂದು ನುಂಗಿದೆವು.
ಎಲೆಕ್ಷನ್ನಿನ ಮುಂದ ಸಿಮೆಂಟು ಬಂತು, ಇನ್ನೊಂದು ಹೋತು.
ಒಳಚರಂಡಿಗೆ ಅಗದು, ಮುಚ್ಚಿ,
ಮುಚ್ಚಿದ್ದು ಕುಸದಿದ್ದಕ್ಕ ಮತ್ತ ಮುಚ್ಚಿ, ಮೂರನೇದು.
ಹ್ವಾದ ಶ್ರಾವಣದಾಗ ಗಲ್ಲಿ ಅಕಿ ಹೊಸ್ತಲಾ ದಾಟಿ
ಒಳಗೇ ಬಂತು, ನೀರಾಗಿ, ಜ್ವಾಳದ ಡಬ್ಬಿತನಕ.

"ಸಾಹೇಬ್ರ," ಅಂದಳು, "ನೀವು ರಿಪೇರಿ ಮಾಡಿದ್ದು ಖರೆ.
ಮಾಡಿದಾಗೊಮ್ಮೆ ನಮ್ಮ ಮನಿ ಗಿಡ್ಡ ಆಗ್ತದ.
ಮನಿ ಇಳೀತೋ, ಗಲ್ಲಿ ಏರಿತೋ,
ನಿಮ್ಮ ಬುಕ್ಕಿನ್ಯಾಗ ಏನದ, ಓದ್ರಿ."

ಓದಿದೆ. ದಪ್ಪ, ಹದಿನೈದು. ದಪ್ಪ, ಹತ್ತು.
ದಪ್ಪ, ಹದಿನೈದು. ಏಳು. ಐದು.
ಮೊತ್ತ ಯಾರೂ ಕೇಳಿರಲಿಲ್ಲ ಇಷ್ಟು ವರ್ಷ,
ಆಡಿಟಿನವರೂ ಕೇಳಿರಲಿಲ್ಲ.
ಬೆರಳ ಮ್ಯಾಲ ಕೂಡಿಸಿದೆ, ಐವತ್ತೆರಡು.

ಎಸ್ಟಿಮೇಟಿನ್ಯಾಗ ಹಳೇದು ಕೀಳೂದಕ್ಕ ರೊಕ್ಕಿಲ್ಲ.
ತಳಾ ನೋಡಬೇಕಂತ ಒಂದು ಸುಳ್ಳು ಹೇಳಿ
ಅಕಿ ಬಾಗಲದ ಮುಂದ ಕುಣಿ ತೋಡಿಸಿದೆ.
ಡಾಂಬರು, ಅದರಡಿ ಡಾಂಬರು, ಸಿಮೆಂಟು,
ಯಾರದೋ ಲಗ್ನದ ಹಂದರಗೂಟದ ತೂತು,
ಖಡಿ, ಮೊರಮು,
ಎಲ್ಲಾದರ ಬುಡಕ್ಕ ಶಹಾಬಾದ ಪರಸಿ,
ಹೆಜ್ಜಿಗೆ ಸವದು ನುಣ್ಣಗಾದದ್ದು,
ಮೂಲ್ಯಾಗ ಮೊಳಿಲೆ ಕೊರದ ಹುಲಿಕಟ್ಟಿ ಮನಿ.

ಶಕೀಲಾಬಿ ಬಗ್ಗಿ ನೋಡಿದಳು.
ಚಪ್ಪಲಿ ಬಿಟ್ಟು, ದಸ್ತಯ್ಯನ ಹೆಗಲಾ ಹಿಡದು
ಕುಣಿಯೊಳಗ ಇಳದಳು, ಮೊಳಕಾಲ ಮಟ.
"ಟಾಂಗಾ ಇಲ್ಲೇ ನಿಂತಿತ್ತು," ಅಂದಳು,
"ನಾ ಏರಿ ಹೋಗಿದ್ದೆ."
ತನ್ನ ಮನಿ ಕಡಿ ಮಾರಿ ಎತ್ತಿ ನೋಡಿದಳು.
ಸ್ವಲ್ಪ ಹೊತ್ತು ಅದು ಎತ್ತರಿತ್ತು.

ಸಂಜಿಗೆ ಮುಚ್ಚಬೇಕಾತು.
ಲಾಡ್ಲೆಸಾಬನ ರೋಲರು ತಾಸಿನ ಬಾಡಗಿ ಮ್ಯಾಲ ನಿಂತಿತ್ತು.
ಗಲ್ಲಿ ಮಂದಿ ಸಂಡಿಗಿ ಎತ್ತಿದರು, ಸೈಕಲ್ ಒಳಗ ತಗೊಂಡರು,
ಚಂದಮ್ಮ ತಗಡಿನ ಬುಟ್ಟಿ ಹಿಡಕೊಂಡು ಬಂದಳು,
"ಒಂದೀಟು ಉಳದರ ನಮ್ಮ ನಳದ ಬಲ್ಲಿ ಹಾಕ್ರಪಾ."
ಅಕಿ ಹಿಂದ ಇನ್ನೂ ನಾಕು ಬುಟ್ಟಿ.
ಉಳೀಲಿಲ್ಲ. ಉಳಸಿದೆವು.

ಇವತ್ತ ಕಡೀ ಅಳತಿಗೆ ಬಂದರ
ಶಕೀಲಾಬಿ ಬಾಗಲದ ಮುಂದ ಹೊಸ ಒಡ್ಡು,
ನಾಕು ಇಟ್ಟಂಗಿ, ಮ್ಯಾಲ ಸಿಮೆಂಟು,
ಇನ್ನೂ ಹಸಿ, ಕೋಳಿ ಹೆಜ್ಜಿ ಮೂಡ್ಯಾವ.
ಗಲ್ಲಿಯೊಳಗ ಗೇಣು ಮುಂದ ಬಂದದ.
ಕಾಯದೆ ಪ್ರಕಾರ ಒತ್ತುವರಿ,
ಕೆಂಪು ಶಾಯಿಲೆ ಬರೀಬೇಕು.

ಅಕಿ ಒಳಗಿಂದ ನೋಡ್ಲಿಕತ್ತಿದ್ದಳು, ಕೈಯಾಗ ಕರಣಿ.
"ಎರಡು ಮೀಟರ್ ಎಂಬತ್ತು," ಅಂದ ದಸ್ತಯ್ಯ.
"ಟೇಪು ಸಡ್ಲ ಬಿಡು," ಅಂದೆ.